ಶಾಂಪೇನ್ ಅನ್ನೋ ಹೆಸರಿಗೆ ಎಷ್ಟು ಜನ ವಾರಸುದಾರರು?

ಜರತಾರಿ
ಸೀರೆ ಅಂಗಡಿಯವರು ತಿಳಿ ಚಿನ್ನದ ಬಣ್ಣಕ್ಕೆ ‘ಶಾಂಪೇನ್ ಗೋಲ್ಡ್’ ಅಂತಾರೆ. ಚಿಕ್ಕಪ್ಪ ತಂದ ಕೊನ್ಯಾಕ್ ಬಾಟಲಿ ಮೇಲೆ ‘ಫೀನ್ ಶಾಂಪೇನ್’ ಅಂತ ಬರೆದಿದೆ, ಆದರೆ ಅದು ಬ್ರಾಂದಿ, ಗುಳ್ಳೆಯ ಸುಳಿವೇ ಇಲ್ಲ. ಅಣ್ಣನ ಮಗ ಓದ್ತಿರೋದು ಅಮೆರಿಕದ ಅರ್ಬಾನಾ-ಶಾಂಪೇನ್‌ನಲ್ಲಿ. ವಿಚಾರಿಸಿದರೆ ಇದು ಫ್ರಾನ್ಸಿನ ಒಂದು ಹಳೇ ಪ್ರಾಂತ್ಯದ ಹೆಸರಂತೆ. ಇವಕ್ಕೆಲ್ಲ ಒಂದೇ ಮೂಲನಾ, ಅಥವಾ ಸುಮ್ಮನೆ ಹೆಸರು ಅಂಟಿಕೊಂಡಿದೆಯಾ? ತಿಳಿದವರು ಬಿಡಿಸಿ ಹೇಳಿ. ಲಿಂಕ್ ಹಾಕಿ ಓಡಿಹೋಗಬೇಡಿ ದಯವಿಟ್ಟು.

ಹಳೇದಾರಿ
ಒಳ್ಳೇ ಪ್ರಶ್ನೆ. ಮೊದಲು ಪ್ರಾಂತ್ಯ ನೋಡೋಣ, ಕುಡಿಯೋದು ಆಮೇಲೆ.

ಪ್ಯಾರಿಸ್‌ನಿಂದ ಪೂರ್ವಕ್ಕೆ ಹೋದರೆ ಸೀಮೆಸುಣ್ಣದ ಬಿಳಿ ನೆಲದ ದೊಡ್ಡ ಬಯಲು ಸಿಗುತ್ತೆ. ಬಯಲುಸೀಮೆಗೆ ಲ್ಯಾಟಿನ್‌ನಲ್ಲಿ ಕಂಪಾನಿಯಾ ಅಂತಿದ್ದರು, ಫ್ರೆಂಚರ ಬಾಯಲ್ಲಿ ಅದು ಶಾಂಪೇನ್ ಆಯ್ತು. ನೇಪಲ್ಸ್ ಇರೋ ಇಟಲಿಯ ಕಂಪಾನಿಯಾನೂ ಇದೇ ಹೆಸರು. ನಿಮ್ಮ ಕೊನ್ಯಾಕ್ ಗುಟ್ಟೂ ಇಷ್ಟೇ: ಕೊನ್ಯಾಕ್ ಊರಿನ ಸುತ್ತಮುತ್ತ ಗ್ರಾಂದ್ ಶಾಂಪೇನ್, ಪೆತಿತ್ ಶಾಂಪೇನ್ ಅಂತ ಎರಡು ಸೀಮೆಗಳಿವೆ, ಅಲ್ಲೂ ಸುಣ್ಣದ ನೆಲ. ಎರಡೂ ಕಡೆಯ ಬ್ರಾಂದಿ ಬೆರೆಸಿ, ಅದರಲ್ಲಿ ಕಡೇಪಕ್ಷ ಅರ್ಧ ಗ್ರಾಂದ್ ಶಾಂಪೇನ್‌ನದ್ದಾದರೆ ಅದು ಫೀನ್ ಶಾಂಪೇನ್. ಗುಳ್ಳೆಯ ಶಾಂಪೇನ್ ಸೀಮೆ ಅಲ್ಲಿಂದ ಸುಮಾರು ಐನೂರು ಕಿಲೋಮೀಟರ್ ದೂರ, ಇದಕ್ಕೂ ಅದಕ್ಕೂ ನಂಟಿಲ್ಲ.

ನಿಜವಾಗಿ ಈ ಪ್ರಾಂತ್ಯದ ಹೆಸರು ಮೊದಲು ಯುರೋಪಿನ ತುಂಬ ಹರಡಿದ್ದು ದ್ರಾಕ್ಷಾರಸದಿಂದ ಅಲ್ಲ, ಸಂತೆಯಿಂದ. 12 ಮತ್ತು 13ನೇ ಶತಮಾನದಲ್ಲಿ ಶಾಂಪೇನ್ ಕೌಂಟ್‌ಗಳ (ಅಲ್ಲಿ ಆಳ್ತಿದ್ದ ದೊರೆಗಳ) ನಾಡಿನಲ್ಲಿ ವರ್ಷಕ್ಕೆ ಆರು ದೊಡ್ಡ ಜಾತ್ರೆಗಳು ನಡೀತಿದ್ದವು. ಲಾನ್ಯಿಯಲ್ಲಿ ಒಂದು, ಬಾರ್-ಸುರ್-ಓಬ್‌ನಲ್ಲಿ ಒಂದು, ಪ್ರೊವಾಂ ಮತ್ತು ಟ್ರೂವಾದಲ್ಲಿ ಎರಡೆರಡು. ಒಂದು ಮುಗಿಯೋ ಹೊತ್ತಿಗೆ ಇನ್ನೊಂದು ಶುರು, ಹಾಗಾಗಿ ಹೆಚ್ಚುಕಮ್ಮಿ ವರ್ಷವಿಡೀ ವ್ಯಾಪಾರ. ಉತ್ತರದ ಫ್ಲಾಂಡರ್ಸ್‌ನವರು ಉಣ್ಣೆ ಬಟ್ಟೆ ತರೋರು, ದಕ್ಷಿಣದಿಂದ ಇಟಲಿಯವರು ರೇಷ್ಮೆ, ಸಾಂಬಾರ ಪದಾರ್ಥ ತರೋರು. ಆ ಮೂಟೆಗಳಲ್ಲಿದ್ದ ಕರಿಮೆಣಸು ನಮ್ಮ ಮಲಬಾರ್ ತೀರದ ಕಡೆಯಿಂದ ಹೋದದ್ದು, ಅಲೆಕ್ಸಾಂಡ್ರಿಯ ಹಾದು.

ಕೌಂಟ್‌ಗಳ ಜಾಣತನ ಎಲ್ಲಿತ್ತು ಅಂದರೆ, ವ್ಯಾಪಾರಿಗಳಿಗೆ ದಾರಿಯುದ್ದಕ್ಕೂ ರಕ್ಷಣೆಯ ಭರವಸೆ ಕೊಟ್ಟರು. ತಮ್ಮ ಗಡಿ ಆಚೆ ದರೋಡೆಯಾದರೂ ಅಲ್ಲಿನ ದೊರೆಯ ಮೇಲೆ ಒತ್ತಡ ಹಾಕೋರು. ಜಾತ್ರೆಗೇ ಅಂತ ಕಾವಲು ಅಧಿಕಾರಿಗಳು, ನ್ಯಾಯ ಹೇಳೋರು ಇದ್ದರು. ಜಾತ್ರೆಯ ಕೊನೇ ದಿನಗಳು ಲೆಕ್ಕ ಚುಕ್ತಾ ಮಾಡೋಕೆ ಮೀಸಲು. ಕೊಟ್ಟವನು ಕೊಡಬೇಕಾದವನು ಕೂತು ಸಾಲಕ್ಕೆ ಸಾಲ ವಜಾ ಮಾಡಿ, ಉಳಿದದ್ದನ್ನು ಮುಂದಿನ ಜಾತ್ರೆಗೆ ಪತ್ರ ಬರೆದುಕೊಡೋರು. ನಾಣ್ಯದ ಚೀಲ ಹೊರೋದು ತಪ್ತು. ಮುಂದೆ ಜಿನೋವಾದ ಹಡಗುಗಳು ನೇರ ಫ್ಲಾಂಡರ್ಸ್‌ಗೆ ಸಮುದ್ರದಲ್ಲೇ ಹೋಗೋಕೆ ಶುರುವಾದಾಗ, ರಾಜರ ಯುದ್ಧ ಮತ್ತು ತೆರಿಗೆ ಹೆಚ್ಚಿದಾಗ, ಈ ಜಾತ್ರೆಗಳು ಸೊರಗಿದವು.

ಅಕ್ಕಸಾಲಿ_ಬೀದಿ
ಟ್ರೂವಾ ಅಂದರೆ ಟ್ರಾಯ್ ಔನ್ಸ್‌ನ ಟ್ರಾಯ್ ಇದೇನಾ ಸಾರ್? ಟಿವಿಯಲ್ಲಿ ಅಂತರರಾಷ್ಟ್ರೀಯ ಚಿನ್ನದ ದರ ಹೇಳೋದು ಅದರಲ್ಲೇ.

ಹಳೇದಾರಿ
ಹೆಚ್ಚಿನವರು ಹಾಗೇ ಹೇಳ್ತಾರೆ, ಟ್ರೂವಾ ಜಾತ್ರೆಯ ತೂಕದಿಂದ ಬಂದ ಹೆಸರು ಅಂತ. ಒಂದು ಟ್ರಾಯ್ ಔನ್ಸ್ ಅಂದರೆ 480 ಗ್ರೇನ್, 31.1 ಗ್ರಾಂ. ನಿಮ್ಮ ಬೀದಿಗೂ ಸಂಬಂಧ ಇದೆ ಇದಕ್ಕೆ. ಕಂಪನಿ ಸರ್ಕಾರ 1833ರಲ್ಲಿ ತೊಲವನ್ನು ನಿಗದಿ ಮಾಡಿದ್ದು 180 ಟ್ರಾಯ್ ಗ್ರೇನ್ ಅಂತಲೇ, ಅಂದರೆ 11.66 ಗ್ರಾಂ. ಮೂರು ಟ್ರಾಯ್ ಔನ್ಸ್‌ಗೆ ಸರಿಯಾಗಿ ಎಂಟು ತೊಲ.

ಅಕ್ಕಸಾಲಿ_ಬೀದಿ
ಅಬ್ಬಾ! ನಮ್ಮಲ್ಲಿ ಈಗ ಹತ್ತು ಗ್ರಾಮನ್ನೇ ಒಂದು ತೊಲ ಅಂದುಬಿಡ್ತಾರೆ ಗಿರಾಕಿಗಳು, ಅದು ಬೇರೆ ಕಥೆ. ಎಂಟು ತೊಲದ ಲೆಕ್ಕ ನಾಳೆ ಯಜಮಾನರಿಗೆ ಹೇಳ್ತೀನಿ.

ಜೋಳದಹೊಲ
ಶಾಂಪೇನ್‌ನಲ್ಲಿ ಓದಿದವನು ನಾನು, ಇಲಿನಾಯ್‌ನದ್ದು! ಉಚ್ಚಾರ ಹೆಚ್ಚುಕಮ್ಮಿ ಒಂದೇ, ಸ್ಪೆಲಿಂಗ್ ಬೇರೆ. ಓಹಾಯೊ ರಾಜ್ಯದ ಒಂದು ಕೌಂಟಿ ಹೆಸರನ್ನು ಅಲ್ಲಿಂದ ವಲಸೆ ಬಂದವರು ಇಲ್ಲಿಗೂ ಇಟ್ಟರು. ಅರ್ಥ ಅದೇ, ಮಟ್ಟಸ ನೆಲ. ಎಷ್ಟು ಮಟ್ಟಸ ಅಂದರೆ ದಿಗಂತದವರೆಗೆ ಜೋಳ, ಸೋಯಾ ಬಿಟ್ಟು ಬೇರೇನೂ ಕಾಣಲ್ಲ. ಫ್ರೆಂಚ್ ಪ್ರಾಂತ್ಯದ ಮಗಳಲ್ಲ, ದೂರದ ದಾಯಾದಿ ಅನ್ನಬಹುದು. ಅಲ್ಲಿಗೆ ಹೊರಟಾಗ ನಮ್ಮಜ್ಜಿ “ಹೆಂಡದ ಹೆಸರಿನ ಊರಿಗೆ ಯಾಕೋ ಹೋಗ್ತೀಯ” ಅಂದಿದ್ದರು.

ತಂಬಿಟ್ಟು
ಎಲ್ಲಾ ಸರಿ, ಕುಡಿತದ ಪ್ರಚಾರಕ್ಕೆ ಇಷ್ಟು ಉದ್ದ ಬರೀಬೇಕಾ ಇಲ್ಲಿ?

ನಿರ್ವಾಹಕ
ಇತಿಹಾಸದ ವಿಭಾಗದಲ್ಲಿದೆ, ಇರಲಿ ಬಿಡಿ. ಬ್ರಾಂಡ್ ಶಿಫಾರಸು, ಎಲ್ಲಿ ಸಿಗುತ್ತೆ, ಎಷ್ಟು ರೇಟು ಅಂತೆಲ್ಲ ಬಂದರೆ ಅಳಿಸ್ತೀನಿ.

ಬ್ಯಾಡಗಿಖಾರ
ಅಲ್ರೀ, ನನಗೊಂದು ತಿಳೀವಲ್ದು. ಬಯಲಿಗೆಲ್ಲಾ ಇದ ಹೆಸರು ಅಂತೀರಿ. ಹಂಗಾದ್ರ ಬ್ಯಾರೆಯವ್ರು ಶಾಂಪೇನ್ ಅಂತ ಬರದ್ರ ಫ್ರಾನ್ಸಿನವ್ರು ಕೋರ್ಟಿಗೆ ಯಾಕ ಹೋಗ್ತಾರ? ಯಾರು ಕೊಟ್ರು ಇವ್ರಿಗೆ ಹಕ್ಕು?

ಗುಮಾಸ್ತ_ಕೋರ್ಟುಹಾಲ್
ಟ್ರೇಡ್‌ಮಾರ್ಕ್ ಕೆಲಸ ಮಾಡೋ ಕಚೇರಿಯಲ್ಲಿ ಇದ್ದೀನಿ, ಇದಕ್ಕೆ ನಾನೇ ಉತ್ತರ ಕೊಡ್ತೀನಿ. ಹಕ್ಕು ಬಂದದ್ದು ಒಪ್ಪಂದ ಮತ್ತು ಕಾಯ್ದೆಗಳಿಂದ, ಒಂದೊಂದೇ ಮೆಟ್ಟಿಲು. 1891ರ ಮ್ಯಾಡ್ರಿಡ್ ಒಪ್ಪಂದ ಸುಳ್ಳು ಮೂಲದ ಹೆಸರು ಹಾಕೋದಕ್ಕೆ ತಡೆ ಹಾಕ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ ವರ್ಸೇಲ್ಸ್ ಒಪ್ಪಂದದಲ್ಲೂ ಊರಿನ ಹೆಸರಿನ ದ್ರಾಕ್ಷಾರಸ ಕಾಪಾಡೋ ಕಲಮು ಸೇರಿಸಿದರು. ಆ ಒಪ್ಪಂದಕ್ಕೆ ಅಮೆರಿಕದ ಸೆನೆಟ್ ಒಪ್ಪಿಗೆ ಕೊಡಲೇ ಇಲ್ಲ. ಅದಕ್ಕೇ ‘ಕ್ಯಾಲಿಫೋರ್ನಿಯಾ ಶಾಂಪೇನ್’ ಅನ್ನೋದು ಇವತ್ತಿಗೂ ಉಂಟು. 2006ರಲ್ಲಿ ಯುರೋಪಿನ ಜೊತೆ ರಾಜಿಯಾದಾಗ ಹೊಸಬರಿಗೆ ಬಾಗಿಲು ಹಾಕಿ, ಮೊದಲಿಂದ ಹಾಕ್ತಿದ್ದವರಿಗೆ ಮಾತ್ರ ಬಿಟ್ಟರು.

ಕೇಸುಗಳು ಬೇಕಾದಷ್ಟಿವೆ. ಈವ್ ಸ್ಯಾಂ ಲೊರಾಂ ಅನ್ನೋ ಫ್ರೆಂಚ್ ಫ್ಯಾಷನ್ ಕಂಪನಿ 1993ರಲ್ಲಿ ‘ಶಾಂಪೇನ್’ ಅಂತ ಸುಗಂಧ ತಂದಿತು, ಬಾಟಲಿ ಬಿರಡೆಯ ಆಕಾರದಲ್ಲಿತ್ತು. ಅದು ಕುಡಿಯೋದೇ ಅಲ್ಲ, ಆದರೂ ಪ್ಯಾರಿಸ್ ನ್ಯಾಯಾಲಯ ಅದೇ ವರ್ಷ ಬೇಡ ಅಂತು. ಹೆಸರಿನ ಪ್ರತಿಷ್ಠೆ ಮೇಲೆ ಸವಾರಿ ಮಾಡಿದಂತಾಯ್ತು ಅನ್ನೋ ತರ್ಕ. ಆಮೇಲೆ ಅದೇ ಸುಗಂಧಕ್ಕೆ ‘ಇವ್ರೆಸ್’ ಅಂತ ಹೆಸರಿಟ್ಟರು. ಆಲ್ಡಿ ಅಂಗಡಿಗಳು ಶಾಂಪೇನ್ ಬೆರೆಸಿದ ಸೋರ್ಬೆ (ಐಸ್‌ಕ್ರೀಂ ಥರದ್ದು) ಮಾರಿದಾಗ ಯುರೋಪಿನ ನ್ಯಾಯಾಲಯ 2017ರಲ್ಲಿ ಸ್ವಲ್ಪ ಮೆತ್ತಗಾಯ್ತು: 12% ಶಾಂಪೇನ್ ಇರೋ ತಿನಿಸಿಗೆ, ಅದರ ರುಚಿ ಮುಖ್ಯವಾಗಿ ಶಾಂಪೇನ್‌ನದ್ದೇ ಆಗಿದ್ದರೆ, ಹೆಸರು ಹಾಕಬಹುದು. 2023ರಲ್ಲಿ ಬೆಲ್ಜಿಯಂ ಕಸ್ಟಮ್ಸ್‌ನವರು ಅಮೆರಿಕದ ಮಿಲ್ಲರ್ ಹೈ ಲೈಫ್ ಬಿಯರಿನ 2,352 ಡಬ್ಬಿಗಳನ್ನು ಒಡೆದು ಸುರಿದರು. ಮೇಲೆ ‘ಬಿಯರುಗಳ ಶಾಂಪೇನ್’ ಅನ್ನೋ ಹಳೇ ಘೋಷವಾಕ್ಯ ಇತ್ತು, ಅಷ್ಟೇ ತಪ್ಪು.

ಬ್ಯಾಡಗಿಯವರ ಪ್ರಶ್ನೆಗೆ ನೇರ ಉತ್ತರ: ನಮ್ಮ ದೇಶದಲ್ಲೂ ಶಾಂಪೇನ್ ಭೌಗೋಳಿಕ ಗುರುತು ಅಂತ ನೋಂದಣಿಯಾಗಿದೆ. ನಿಮ್ಮೂರ ಮೆಣಸಿನಕಾಯಿ ಇರೋ ರಿಜಿಸ್ಟರಿನಲ್ಲೇ ಅದೂ ಇದೆ.

ಬ್ಯಾಡಗಿಖಾರ
ನಮ್ಮ ಕಾಯಿ ವಿಷಯ ಬಂತು, ಈಗ ಮಾತಾಡ್ತೀನಿ ತಡೀರಿ. ಬ್ಯಾಡಗಿ ಮಾರ್ಕೆಟ್‌ನ್ಯಾಗ ಸೀಜನ್ ಟೈಮಿಗೆ ಬಂದು ನೋಡ್ರಿ. ಬಳ್ಳಾರಿ, ರಾಯಚೂರು, ಆಂಧ್ರದಿಂದನೂ ಚೀಲ ಇಳೀತಾವ. ಕೆಂಪು ಬಣ್ಣ, ಮೈಮ್ಯಾಲೆ ಸುಕ್ಕು ಐತಿ ಅಂದ್ರ ಬ್ಯಾಡಗಿ ಅನ್ನೂದ, ಮುಗೀತು. ನಮ್ಮ ಹೊಲದಾಗ ಬೆಳದವ್ರಿಗೂ ಅವ್ರಿಗೂ ರೇಟಿನ ಮ್ಯಾಲೆ ತಕರಾರು ಇದ್ದದ್ದ. ಅಲ್ಲಿ ಶಾಂಪೇನ್ ಒಳಗ ಇಂಥಾದ್ದು ನಡದಿಲ್ಲೇನು?

ಗುಳ್ಳೆನೆಲೆ
ನಡೆದಿದೆ, ಬೆಂಕಿ ಬೀಳೋ ಮಟ್ಟಕ್ಕೆ. ನಾನು ಕೆಲಸದ ಮೇಲೆ ಶಾಂಪೇನ್ ಸೀಮೆಯ ರೀಮ್ಸ್‌ ಊರಲ್ಲಿ ಇರೋನು (ಸಾಫ್ಟ್‌ವೇರ್, ದ್ರಾಕ್ಷಿ ಅಲ್ಲ!). ಇಲ್ಲಿನವರು ಇವತ್ತಿಗೂ 1911 ಅಂದರೆ ದನಿ ತಗ್ಗಿಸ್ತಾರೆ. ಹೊರಗಿನವರ ಜೊತೆ ನಡೆದ ಕೇಸುಗಳೆಲ್ಲ ಇದರ ಮುಂದೆ ಸಣ್ಣವು.

ಹಿನ್ನೆಲೆ ಹೀಗೆ. ಬೇರು ತಿನ್ನೋ ಫಿಲಾಕ್ಸೆರಾ ಹುಳ ಬಳ್ಳಿ ಹಾಳು ಮಾಡಿತ್ತು, 1910ರ ಬೆಳೆ ಪೂರ್ತಿ ಕೈಕೊಟ್ಟಿತ್ತು. ಅದೇ ಹೊತ್ತಿಗೆ ಕೆಲವು ವ್ಯಾಪಾರಿ ಮನೆತನಗಳು ಲ್ವಾರ್ ಕಣಿವೆಯಿಂದ, ತೆಂಕಣದ ಲಾಂಗ್ದಾಕ್‌ನಿಂದ ರೈಲಲ್ಲಿ ಅಗ್ಗದ ದ್ರಾಕ್ಷಿ, ರಸ ತರಿಸಿ ಶಾಂಪೇನ್ ಅಂತ ಮಾರೋರು. 1911ರ ಜನವರಿಯಲ್ಲಿ ಮಾರ್ನ್ ಜಿಲ್ಲೆಯ ಬೆಳೆಗಾರರು ಅಂಥ ಗಾಡಿಗಳನ್ನು ತಡೆದು ಪೀಪಾಯಿಗಳನ್ನು ನದಿಗೆ ಉರುಳಿಸಿದರು.

ಸರ್ಕಾರ ಆಗಲೇ 1908ರಲ್ಲಿ ಒಂದು ಗೆರೆ ಎಳೆದಿತ್ತು, ಈ ಗೆರೆಯೊಳಗಿನ ದ್ರಾಕ್ಷಿ ಮಾತ್ರ ಶಾಂಪೇನ್ ಅಂತ. ಗೆರೆಯೊಳಗೆ ಮಾರ್ನ್ ಬಂತು, ಪಕ್ಕದ ಏನ್ ಜಿಲ್ಲೆಯ ಒಂದಿಷ್ಟು ಊರೂ ಬಂದವು. ತೆಂಕಣದ ಓಬ್ ಜಿಲ್ಲೆ ಹೊರಗೆ ಉಳೀತು. ಓಬ್‌ನ ಮುಖ್ಯ ಪಟ್ಟಣ ಯಾವುದು ಗೊತ್ತಾ? ಟ್ರೂವಾ. ಹಳೇದಾರಿಯವರು ಹೇಳಿದ ಜಾತ್ರೆಗಳ ಟ್ರೂವಾ, ಶಾಂಪೇನ್ ಕೌಂಟ್‌ಗಳ ರಾಜಧಾನಿ. “ನಾವು ಶಾಂಪೇನ್ ಅಲ್ಲದಿದ್ದರೆ ಇನ್ಯಾರು?” ಅಂತ ಅವರು ಬೀದಿಗಿಳಿದರು, ದೊಡ್ಡ ದೊಡ್ಡ ಮೆರವಣಿಗೆ. ಗಾಬರಿಯಾದ ಸೆನೆಟ್ ಏಪ್ರಿಲ್ 11ರಂದು ಗೆರೆಯನ್ನೇ ಅಳಿಸೋಣ ಅನ್ನೋ ಕಡೆ ವಾಲ್ತು. ಈಗ ಮಾರ್ನ್‌ನವರಿಗೆ ಕಿಚ್ಚು. ಮರುದಿನ ಆಯಿ ಅನ್ನೋ ಊರಿಗೆ ನುಗ್ಗಿ ವ್ಯಾಪಾರಿಗಳ ಮನೆ, ಉಗ್ರಾಣಕ್ಕೆ ಬೆಂಕಿ ಹಚ್ಚಿದರು, ನೆಲಮಾಳಿಗೆಗಳಿಗೆ ಇಳಿದು ಬಾಟಲಿ ಪುಡಿ ಮಾಡಿದರು. ಸೈನ್ಯ ಬಂದು ತೋಟಗಳಲ್ಲಿ ಬೀಡುಬಿಟ್ಟಿತು. ಜೂನ್‌ನಲ್ಲಿ ಓಬ್‌ಗೆ ಸಮಾಧಾನ ಅಂತ ಕೊಟ್ಟ ಹೆಸರು ‘ಶಾಂಪೇನ್ ಎರಡನೇ ವಲಯ’. ಆ ‘ಎರಡನೇ’ ಅನ್ನೋ ಪದ ಹೋಗೋಕೆ 1927ರ ಕಾಯ್ದೆ ಬರಬೇಕಾಯ್ತು. ಇವತ್ತು ಒಟ್ಟು ಸುಮಾರು 34,000 ಹೆಕ್ಟೇರ್ ತೋಟದಲ್ಲಿ ಕಾಲು ಭಾಗದ ಹತ್ತಿರ ಓಬ್‌ನಲ್ಲೇ ಇದೆ.

ಇದನ್ನು ಓದಿದ ಮೇಲೆ ನನಗನಿಸೋದು: ಪ್ರಾಂತ್ಯಕ್ಕಾಗಿ ಹೆಸರು ಇದ್ದದ್ದು ಹೋಗಿ, ಹೆಸರಿಗೆ ತಕ್ಕಂತೆ ಪ್ರಾಂತ್ಯವನ್ನು ಕತ್ತರಿಸೋದು ಶುರುವಾಯ್ತು ಆಗ.

ಹಳೇದಾರಿ
ಇದಕ್ಕೆ ಒಂದು ಸೇರಿಸ್ತೀನಿ. ಪ್ರಾಂತ್ಯ ಅನ್ನೋದೇ ಆಗ ಇರಲಿಲ್ಲ! 1284ರಲ್ಲಿ ಶಾಂಪೇನ್ ಕೌಂಟೆಸ್ ಜಾನ್‌ಗೂ ಮುಂದೆ ರಾಜನಾದ ನಾಲ್ಕನೇ ಫಿಲಿಪ್‌ಗೂ ಮದುವೆಯಾಗಿ ನಾಡು ಅರಸರ ಕಡೆ ಸೇರಿತು. ಕ್ರಾಂತಿಯಾದ ಮೇಲೆ 1790ರಲ್ಲಿ ಮಾರ್ನ್, ಓಬ್, ಆರ್ಡೆನ್, ಹೋತ್-ಮಾರ್ನ್ ಅಂತ ಜಿಲ್ಲೆಗಳಾಗಿ ಹಂಚಿಹೋಯ್ತು. 20ನೇ ಶತಮಾನದಲ್ಲಿ ಶಾಂಪೇನ್-ಆರ್ಡೆನ್ ಅಂತ ಒಂದು ವಲಯ ಮಾಡಿದರು, 2016ರಲ್ಲಿ ಅದನ್ನೂ ಅಲ್ಸಾಸ್, ಲೊರೇನ್ ಜೊತೆ ಸೇರಿಸಿ ‘ಗ್ರಾಂದ್ ಎಸ್ತ್’ ಮಾಡಿಬಿಟ್ಟರು. ಈಗ ಆಡಳಿತದ ನಕ್ಷೆಯಲ್ಲಿ ಶಾಂಪೇನ್ ಅಂತ ವಲಯವೂ ಇಲ್ಲ, ಜಿಲ್ಲೆಯೂ ಇಲ್ಲ. ಕಾಯ್ದೆಯ ಪೂರ್ತಿ ರಕ್ಷಣೆ ಇರೋದು ಬಾಟಲಿ ಮೇಲಿನ ಶಾಂಪೇನ್‌ಗೆ ಮಾತ್ರ. ಶಾಲೋಂ-ಸುರ್-ಮಾರ್ನ್ ಪಟ್ಟಣದವರು 1990ರ ದಶಕದಲ್ಲಿ ಹೆಸರು ಬದಲಿಸಿ ಶಾಲೋಂ-ಆನ್-ಶಾಂಪೇನ್ ಅಂತ ಮಾಡಿಕೊಂಡದ್ದು ಸುಮ್ಮನೆ ಅಲ್ಲ.

ಕೆರೆದಂಡೆ
ಸ್ವಿಟ್ಜರ್ಲೆಂಡ್‌ನಲ್ಲಿ ಶಾಂಪೇನ್ ಅಂತಲೇ ಒಂದು ಹಳ್ಳಿ ಇದೆಯಲ್ಲ, ಅವರ ಗತಿ?

ಗುಮಾಸ್ತ_ಕೋರ್ಟುಹಾಲ್
ವೋ ಪ್ರಾಂತ್ಯದಲ್ಲಿ, ನ್ಯೂಶಾತೆಲ್ ಸರೋವರದ ಹತ್ತಿರ. ಸಾವಿರ ವರ್ಷಕ್ಕಿಂತ ಹಳೇ ಊರು. ಅವರದ್ದು ಗುಳ್ಳೆ ಇಲ್ಲದ ಬಿಳಿ ವೈನ್, ಊರಿನ ಹೆಸರು ಹಾಕಿ ಮಾರ್ತಿದ್ದರು. 1999ರಲ್ಲಿ ಸ್ವಿಸ್ ಸರ್ಕಾರ ಯುರೋಪಿನ ಒಕ್ಕೂಟದ ಜೊತೆ ಕಂತೆ ಒಪ್ಪಂದ ಮಾಡಿಕೊಂಡಾಗ ಈ ಹೆಸರನ್ನು ಬಿಟ್ಟುಕೊಟ್ಟಿತು. 2004ರ ನಂತರ ಊರಿನವರು ತಮ್ಮ ಊರಿನ ಹೆಸರನ್ನೇ ಹಾಕುವಂತಿಲ್ಲ. ಒಕ್ಕೂಟದ ನ್ಯಾಯಾಲಯಕ್ಕೆ ಹೋದರು, 2007ರಲ್ಲಿ ಅರ್ಜಿ ವಜಾ. ಅದೇ ಕಂತೆಯಲ್ಲಿ ವಿಮಾನಯಾನದ ಒಪ್ಪಂದವೂ ಇತ್ತು. ಸ್ವಿಸ್‌ಏರ್‌ಗೆ ಅನುಕೂಲ ಆಗಲಿ ಅಂತ ನಮ್ಮನ್ನು ಮಾರಿದರು ಅನ್ನೋದು ಊರಿನವರ ದೂರು. ಆ ವಿಮಾನ ಸಂಸ್ಥೆ 2001ರಲ್ಲೇ ಮುಳುಗಿತು.

ಕಾನೂನಿನ ದೃಷ್ಟಿಯಿಂದ ತೀರ್ಪು ಸರಿಯಾಗೇ ಇದೆ ಅಂತ ನನ್ನ ಅಭಿಪ್ರಾಯ. ಕೊಳ್ಳುವವನಿಗೆ ಗೊಂದಲ ಆಗಬಾರದು.

ಹಳೇದಾರಿ
ಒಪ್ಪಲ್ಲ ಗುಮಾಸ್ತರೇ. ಗೊಂದಲ ತಪ್ಪಿಸೋಕೆ ‘ಸ್ವಿಸ್’ ಅಂತ ದಪ್ಪಕ್ಷರದಲ್ಲಿ ಹಾಕಿಸಬಹುದಿತ್ತು. ಕೊನ್ಯಾಕ್‌ನವರಿಗೆ ಫೀನ್ ಶಾಂಪೇನ್ ಅಂತ ಹಾಕೋಕೆ ಬಿಟ್ಟಿದ್ದಾರಲ್ಲ, ಆಗ ಗೊಂದಲ ಆಗಲ್ವಾ? ಜರತಾರಿಯವರು ಗೊಂದಲವಾಗಿಯೇ ಈ ಎಳೆ ಶುರು ಮಾಡಿದ್ದು. ಅವರು ಫ್ರೆಂಚರು, ಅದಕ್ಕೆ ನಡೆಯುತ್ತೆ. ಇವರು ಸಣ್ಣ ಊರಿನ ಬೇರೆ ದೇಶದವರು.

ಗುಮಾಸ್ತ_ಕೋರ್ಟುಹಾಲ್
ಕೊನ್ಯಾಕ್ ಬ್ರಾಂದಿ, ಅದು ಬೇರೆ ಸರಕು. ಇದು ವೈನ್‌ಗೆ ವೈನ್ ಎದುರು. ಆದರೂ ನಿಮ್ಮ ಮಾತಿನಲ್ಲಿ ಹುರುಳಿಲ್ಲ ಅನ್ನಲ್ಲ. ರಷ್ಯಾದವರು ಇದನ್ನೇ ತಿರುಗಿಸಿ ಮಾಡಿದರು ನೋಡಿ: 2021ರ ಅವರ ಕಾಯ್ದೆ ಪ್ರಕಾರ ರಷ್ಯನ್ ಲಿಪಿಯಲ್ಲಿ ‘ಶಾಂಪಾನ್‌ಸ್ಕೊಯೆ’ ಅಂತ ಬರೆಯೋ ಹಕ್ಕು ರಷ್ಯಾದ ತಯಾರಕರಿಗೆ ಮಾತ್ರ, ಫ್ರೆಂಚರು ಹಿಂದಿನ ಚೀಟಿಯಲ್ಲಿ ‘ಗುಳ್ಳೆ ವೈನ್’ ಅಂತ ಹಾಕಬೇಕು. ಬಲ ಇದ್ದವನ ಕೈಯಲ್ಲಿ ಗೆರೆ.

ಬ್ಯಾಡಗಿಖಾರ
ಈಗ ಬಂದ್ರಿ ನೋಡ್ರಿ ದಾರಿಗೆ 😀

ಕೆರೆದಂಡೆ
ಪಕ್ಕದ ಮಹಾರಾಷ್ಟ್ರದ ನಾರಾಯಣಗಾಂವ್‌ನಲ್ಲಿ 1980ರ ದಶಕದಲ್ಲಿ ಗುಳ್ಳೆ ವೈನ್ ಶುರು ಮಾಡಿದ ಕಂಪನಿಯ ಹೆಸರೇ ‘ಶಾಂಪೇನ್ ಇಂಡೇಜ್’. ಶಾಂಪೇನ್ ಸೀಮೆಯ ಪೈಪರ್-ಹೈಡ್‌ಸಿಕ್ ಮನೆತನದ ತಾಂತ್ರಿಕ ನೆರವಿತ್ತು. ಹೊರದೇಶಕ್ಕೆ ಕಳಿಸಿದ ವೈನ್‌ಗೆ ಮಾತ್ರ ‘ಒಮರ್ ಖಯ್ಯಾಮ್’ ಅಂತ ಹೆಸರು. ಬಾಟಲಿ ಮೇಲೆ ಆಗದ್ದನ್ನು ಕಂಪನಿ ಬೋರ್ಡಿನ ಮೇಲೆ ಹಾಕಿಕೊಂಡರು ಅಂತ ಕಾಣುತ್ತೆ.

ಜರತಾರಿ
ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ನಮಸ್ಕಾರ. ಗುಳ್ಳೆ ಹೇಗೆ ಬಂತು ಅಂತ ಯಾರೂ ಹೇಳಲಿಲ್ಲ. ಒಬ್ಬ ಕುರುಡು ಸನ್ಯಾಸಿ ಕಂಡುಹಿಡಿದ ಅಂತ ಕೇಳಿದ್ದೆ.

ಗುಳ್ಳೆನೆಲೆ
ಅದು ಜಾಹೀರಾತಿನವರು ಹಬ್ಬಿಸಿದ ಕಥೆ. ದೋಂ ಪೆರಿನ್ಯೋಂ (1638–1715) ಓವಿಲೆ ಮಠದ ಉಗ್ರಾಣ ನೋಡಿಕೊಳ್ತಿದ್ದವರು. ಬೇರೆ ಬೇರೆ ತೋಟದ ದ್ರಾಕ್ಷಿಯನ್ನು ಹದವಾಗಿ ಬೆರೆಸೋದರಲ್ಲಿ ಎತ್ತಿದ ಕೈ. ಗುಳ್ಳೆ ಅವರ ಕಣ್ಣಿಗೆ ದೋಷ, ಅದನ್ನು ತಪ್ಪಿಸೋಕೆ ಒದ್ದಾಡಿದವರು. ಸಕ್ಕರೆ ಹಾಕಿ ಬೇಕಂತಲೇ ಗುಳ್ಳೆ ಬರಿಸೋ ವಿಚಾರವನ್ನು ಕ್ರಿಸ್ಟೋಫರ್ ಮೆರೆಟ್ ಅನ್ನೋ ಇಂಗ್ಲಿಷ್ ವೈದ್ಯ 1662ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿ ಮುಂದೆ ಇಟ್ಟಿದ್ದ. ಇಲ್ಲಿ ಈ ಮಾತು ಜೋರಾಗಿ ಆಡಬೇಡಿ.

ನನಗೆ ಇಲ್ಲಿ ತುಂಬ ಹಿಡಿಸಿದ್ದು ನೆಲಮಾಳಿಗೆಗಳು. ರೀಮ್ಸ್ ಊರಿನ ಕೆಳಗೆ ರೋಮನ್ನರ ಕಾಲದಿಂದ ಕಟ್ಟಡಕ್ಕೆ ಅಂತ ಸುಣ್ಣದ ಕಲ್ಲು ತೆಗೆದ ಗುಂಡಿಗಳಿವೆ. ಬಾಯಿ ಕಿರಿದು, ಒಳಗೆ ಇಳೀತಾ ಅಗಲ. ಜುಲೈ ಬಿಸಿಲಲ್ಲೂ ಕೆಳಗೆ ಇಳಿದರೆ ಸ್ವೆಟರ್ ಬೇಕು, ಗೋಡೆ ಮುಟ್ಟಿದರೆ ಬೆರಳಿಗೆ ಒದ್ದೆ ಬಿಳಿ ಪುಡಿ ಹತ್ತುತ್ತೆ. ಮರದ ಇಳಿಜಾರು ಹಲಗೆಯ ತೂತುಗಳಲ್ಲಿ ಬಾಟಲಿಗಳು ತಲೆಕೆಳಗಾಗಿ ನಿಂತಿರುತ್ತವೆ. ದಿನಾ ಚೂರು ಚೂರು ತಿರುಗಿಸ್ತಾ ಹೋದರೆ ಗಸಿ ಕತ್ತಿಗೆ ಇಳಿಯುತ್ತೆ, ಆಮೇಲೆ ಕತ್ತನ್ನು ಮಾತ್ರ ಹೆಪ್ಪುಗಟ್ಟಿಸಿ ಹಾರಿಸ್ತಾರೆ. 19ನೇ ಶತಮಾನದ ಮೊದಲಲ್ಲಿ ಈ ಪದ್ಧತಿಯನ್ನು ಹದಕ್ಕೆ ತಂದದ್ದು 27ನೇ ವಯಸ್ಸಿಗೇ ಗಂಡನನ್ನು ಕಳಕೊಂಡು ವ್ಯಾಪಾರ ಹೊತ್ತ ಮದಾಂ ಕ್ಲಿಕೋ ಅವರ ಮನೆತನ. ಈಗ ಹೆಚ್ಚಿನ ಕಡೆ ಯಂತ್ರ ತಿರುಗಿಸುತ್ತೆ. ಮೊದಲ ಮಹಾಯುದ್ಧದಲ್ಲಿ ಗುಂಡಿನ ಮಳೆ ಸುರೀತಿದ್ದಾಗ ಊರ ಜನ ಇದೇ ಮಾಳಿಗೆಗಳಲ್ಲಿ ಸಂಸಾರ ಮಾಡಿದರು, ಮಕ್ಕಳಿಗೆ ಶಾಲೆಯೂ ಇಲ್ಲೇ ನಡೀತು. 2015ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ.

ಜವಳಿಸಂತೆ
ಬಣ್ಣದ ಬಗ್ಗೆ ನಾನು ಹೇಳ್ತೀನಿ, ಬಟ್ಟೆ ವ್ಯಾಪಾರದವನು. ಅದಕ್ಕೆ ಯಾವ ಗೆರೆಯೂ ಇಲ್ಲ. ಸೂರತ್‌ನ ಒಂದು ಮಿಲ್ಲಿನ ಶಾಂಪೇನ್ ಇನ್ನೊಂದು ಮಿಲ್ಲಿನ ಕೆನೆ ಬಣ್ಣ. ಫೋನಲ್ಲಿ ಆರ್ಡರ್ ಕೊಡಬೇಡಿ, ತುಂಡು ತರಿಸಿ ಹಗಲು ಬೆಳಕಲ್ಲಿ ನೋಡಿ.

ಹಳೇದಾರಿ
ಟ್ರೂವಾ ಬಗ್ಗೆ ಒಂದು ಬಿಟ್ಟುಹೋಗಿತ್ತು. ರಾಶಿ ಅನ್ನೋ ಯಹೂದಿ ಪಂಡಿತರು (1040–1105) ಅದೇ ಊರಿನವರು. ಬೈಬಲ್‌ಗೆ, ಯಹೂದಿಗಳ ಧರ್ಮಶಾಸ್ತ್ರ ತಾಲ್ಮುದ್‌ಗೆ ಅವರು ಹೀಬ್ರೂನಲ್ಲಿ ಬರೆದ ವ್ಯಾಖ್ಯಾನ ಇವತ್ತಿಗೂ ಪಾಠದಲ್ಲಿದೆ. ಕಷ್ಟದ ಪದ ಬಂದಲ್ಲಿ “ನಮ್ಮೂರಲ್ಲಿ ಹೀಗಂತಾರೆ” ಅನ್ನೋ ಹಾಗೆ ಅಲ್ಲಿನ ಆಡುಮಾತನ್ನು ಹೀಬ್ರೂ ಅಕ್ಷರದಲ್ಲೇ ಬರೆದಿಟ್ಟರು, ಅಂಥವು ಸಾವಿರಾರು. 11ನೇ ಶತಮಾನದ ಶಾಂಪೇನ್ ಸೀಮೆಯ ಫ್ರೆಂಚ್ ಹೇಗಿತ್ತು ಅಂತ ತಿಳಿಯೋಕೆ 19ನೇ ಶತಮಾನದಲ್ಲಿ ಆರ್ಸೆನ್ ದಾರ್ಮೆಸ್ತೆತೆರ್ ಅಂಥ ವಿದ್ವಾಂಸರು ಆ ಪುಟಗಳನ್ನೇ ಜಾಲಾಡಿದರು.

ಜೋಳದಹೊಲ
ಇದಕ್ಕೆ ಬೇರೆಯೇ ಎಳೆ ತೆಗೀರಿ ಸಾರ್. ಹೀಬ್ರೂ ಅಕ್ಷರದಲ್ಲಿ ಸ್ವರಗಳನ್ನು ಹೇಗೆ ಗುರುತಿಸಿದರು ಅಂತ ಕೇಳೋದಿದೆ.

ಹಳೇದಾರಿ
ಸರಿ, ಭಾಷೆ ವಿಭಾಗದಲ್ಲಿ ಶುರು ಮಾಡ್ತೀನಿ. ಭಾನುವಾರದ ಒಳಗೆ.